ಫಲಕ್‌ನುಮಾ: ಅತಿಥಿಗಳ ಗುಡ್ಡ

ಫಲಕ್‌ನುಮಾ ಎಂದರೆ ದೇಶದ ಬಹುಪಾಲು ಜನಕ್ಕೆ ಅದು ಸಿಕಂದರಾಬಾದಿನಿಂದ ಹೌರಾಕ್ಕೆ ಹೋಗುವ ರೈಲು. ಹೈದರಾಬಾದಿನ ಹಳೆಯ ಊರಿನವರಿಗೆ ಅದೊಂದು ಸ್ಟೇಷನ್ನು, ಒಂದು ಬಸ್ ಡಿಪೋ, ಚಾರ್‌ಮಿನಾರ್‌ನಿಂದ ಶಾಹಲಿಬಂಡಾ, ಅಲಿಯಾಬಾದ್ ದಾಟಿ ದಕ್ಷಿಣಕ್ಕೆ ಹೋಗುವ ರಸ್ತೆಯ ಕೊನೆ. ಆ ರಸ್ತೆಯ ಪಕ್ಕದ ಗುಡ್ಡದ ಮೇಲೆ ಬಿಳಿಯಾಗಿ ಕಾಣುವ ಅರಮನೆಯನ್ನು ಅವರೆಲ್ಲ ಕೆಳಗಿನಿಂದ ನೋಡಿದ್ದಾರೆ. ಅಲ್ಲಿಂದ ಕೆಳಗೆ ನೋಡಿದವರ ಪಟ್ಟಿ ಬೇರೆ: ನವಾಬರು, ನಿಜಾಮರು, ಇಂಗ್ಲೆಂಡಿನ ಯುವರಾಜರು, ಒಬ್ಬ ರಾಷ್ಟ್ರಪತಿ, ಈಚೆಗೆ ಬಿಲ್ಲು ಕಟ್ಟುವ ಶಕ್ತಿಯಿರುವ ಯಾರಾದರೂ.

ಈ ಕಟ್ಟಡದ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ತುಂಡು ಮಾಡಿ ಹೇಳುತ್ತಾರೆ. ಮೊದಲು ಅದು ಅರಮನೆಯಾಗಿತ್ತು, 2010ರಲ್ಲಿ ಹೋಟೆಲಾಯಿತು, ಎಂದು. ದಾಖಲೆಗಳ ಮೇಲೆ ಕಣ್ಣಾಡಿಸಿದರೆ ಬೇರೆಯೇ ಅನ್ನಿಸುತ್ತದೆ. ಕಟ್ಟಿಸಿದ ಧಣಿ ಇಲ್ಲಿ ನೆಮ್ಮದಿಯಾಗಿ ಸಂಸಾರ ಮಾಡಿದ್ದು ಕೆಲವೇ ವರ್ಷ. ಅನಂತರ ಬೀಗ ಹಾಕಿರದ ಕಾಲದಲ್ಲೆಲ್ಲ ಇದು ಬಂದವರಿಗೆ ಉಣ್ಣಿಸುವ, ಮಲಗಿಸುವ, ಮಹಡಿಯಿಂದ ಊರು ತೋರಿಸುವ ಮನೆಯಾಗಿಯೇ ನಡೆದಿದೆ. ಹೋಟೆಲಿನವರು ಇದರ ಕಸುಬನ್ನು ಬದಲಿಸಲಿಲ್ಲ. ಖರ್ಚು ಯಾರದು ಎಂಬುದನ್ನಷ್ಟೇ ಬದಲಿಸಿದರು.

ಮೊದಲು ಎತ್ತರದ ಲೆಕ್ಕವೊಂದನ್ನು ಸರಿಮಾಡಬೇಕು. ‘ನಗರದಿಂದ 2,000 ಅಡಿ ಮೇಲೆ’ ಎಂಬ ಸಾಲು ಪ್ರವಾಸಿ ಬರಹಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೋ ದೇವರೇ ಬಲ್ಲ. 2,000 ಅಡಿ ಎಂಬುದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. ಹೈದರಾಬಾದ್ ಊರೇ ದಖ್ಖನ್ ಪ್ರಸ್ಥಭೂಮಿಯಲ್ಲಿ ಸುಮಾರು 1,750 ಅಡಿ ಎತ್ತರದಲ್ಲಿ ಕೂತಿದೆ. ಹಾಗಾಗಿ ಕೋಹ್-ಎ-ತೂರ್ ಎಂದು ಕರೆಯುವ ಈ ಗುಡ್ಡ ಸುತ್ತಲಿನ ಕೇರಿಗಳಿಗಿಂತ ಕೆಲವು ನೂರು ಅಡಿ ಮೇಲಿದೆ, ಅಷ್ಟೇ. ಅಷ್ಟಿದ್ದರೆ ಸಾಕಾಗಿತ್ತು. ಹಳೆಯ ಊರಿನಲ್ಲಿ ಎತ್ತರದ ಕಟ್ಟಡಗಳು ಎದ್ದಿರದ ಕಾಲದಲ್ಲಿ ಇಲ್ಲಿಂದ ಉತ್ತರಕ್ಕೆ ಐದು ಕಿಲೋಮೀಟರ್ ಆಚೆಯ ಚಾರ್‌ಮಿನಾರಿನ ನಾಲ್ಕು ಮಿನಾರುಗಳು, ಮಕ್ಕಾ ಮಸೀದಿಯ ಗುಮ್ಮಟ, ಮೂಸಿ ನದಿಯ ಆಚೆಯ ಬಂಡೆಗುಡ್ಡಗಳು ಒಂದೇ ನೋಟಕ್ಕೆ ಸಿಗುತ್ತಿದ್ದವು.

ಕಟ್ಟಿಸಿದವರು ನವಾಬ ಸರ್ ವಿಕಾರ್-ಉಲ್-ಉಮ್ರಾ. ಪಾಯಗಾ ಮನೆತನದವರು, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಭಾವಮೈದುನ ಸಂಬಂಧದವರು, 1893ರಿಂದ 1901ರವರೆಗೆ ಸಂಸ್ಥಾನದ ಪ್ರಧಾನಿ. ನಿಜಾಮರ ಖಾಸಾ ಸೈನ್ಯವನ್ನು ಸಾಕುವ ಹೊಣೆಗೆ ಪ್ರತಿಯಾಗಿ ಪಾಯಗಾ ಮನೆತನಕ್ಕೆ ದೊಡ್ಡ ದೊಡ್ಡ ಜಾಗೀರುಗಳಿದ್ದವು. ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳಂದ, ಚಿಟಗುಪ್ಪದ ಹಿರಿಯರ ಬಾಯಲ್ಲಿ ‘ಪಾಯಗಾ ಇಲಾಖೆ’ ಎಂಬ ಮಾತು ಇನ್ನೂ ಉಳಿದಿದೆ. ಆ ಊರುಗಳ ಕಂದಾಯ ಸರಕಾರದ ಖಜಾನೆಗಲ್ಲ, ಪಾಯಗಾ ಮನೆತನದ ಶಾಖೆಗಳಿಗೆ ಹೋಗುತ್ತಿತ್ತು. ಮನೆತನ ಮೂರು ಶಾಖೆಯಾಗಿ ಒಡೆದಿದ್ದರಿಂದ ಯಾವ ಹಳ್ಳಿಯ ಯಾವ ರೂಪಾಯಿ ಯಾವ ಗೋಡೆಗೆ ಹೋಯಿತು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಹೈದರಾಬಾದಿನ ಪಾಯಗಾ ವೈಭವದಲ್ಲಿ ಕನ್ನಡ ನೆಲದ ಜೋಳ, ತೊಗರಿ, ಹತ್ತಿಯ ಪಾಲಿತ್ತು ಎನ್ನುವುದಕ್ಕೆ ಅಡ್ಡಿಯಿಲ್ಲ. ಈ ಗುಡ್ಡದ ಕಥೆಯನ್ನು ಕನ್ನಡದ ಸಂಚಿಕೆಯೊಂದರಲ್ಲಿ ಬರೆಯಲು ಇಷ್ಟು ಹಕ್ಕು ಸಾಕು.

ಗುಡ್ಡದ ಮೇಲೆ ಮನೆ ಕಟ್ಟುವ ಹುಚ್ಚು ವಿಕಾರ್-ಉಲ್-ಉಮ್ರಾ ಒಬ್ಬರದೇ ಅಲ್ಲ. ಅವರ ದಾಯಾದಿ, ಅವರಿಗಿಂತ ಮುಂಚೆ ಪ್ರಧಾನಿಯಾಗಿದ್ದ ಸರ್ ಆಸ್ಮಾನ್ ಜಾಹ್ ಕೂಡ ಅದೇ 1880ರ ದಶಕದಲ್ಲಿ ಮಲಕಪೇಟೆಯ ದಿಬ್ಬದ ಮೇಲೆ ಆಸ್ಮಾನ್‌ಗಢ ಕಟ್ಟಿಸಿದರು. ಅದು ಕೋಟೆಯ ಗೊಂಬೆಯಂಥ ಚಿಕ್ಕ ಕಟ್ಟಡ, ಮುಂದೆ ಶಾಲೆಯಾಯಿತು. ಫಲಕ್‌ನುಮಾದ ಅಳತೆ ಬೇರೆ. 1884ರ ಮಾರ್ಚ್ 3ರಂದು ಅಡಿಗಲ್ಲು ಬಿತ್ತು. ನಕ್ಷೆ ವಿಲಿಯಂ ವಾರ್ಡ್ ಮ್ಯಾರೆಟ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯದು. ಇಟಲಿಯ ಅಮೃತಶಿಲೆ, ಮುಂಭಾಗದಲ್ಲಿ ಯುರೋಪಿನ ಶೈಲಿಯ ಕಂಬಸಾಲು, ಉತ್ತರಕ್ಕೆ ಎರಡು ರೆಕ್ಕೆ ಚಾಚಿದ ಚೇಳಿನ ಆಕಾರದ ವಿನ್ಯಾಸ. ಮುಂದೆ ಗಂಡಸರ ಮರ್ದಾನಾ, ಹಿಂದೆ ಹೆಂಗಸರ ಜನಾನಾ ಮತ್ತು ಅಡುಗೆ ಮನೆಗಳು. ಮುಖ್ಯ ಕಟ್ಟಡಕ್ಕೆ ಕೊನೆಯ ಕೈ ಬೀಳುವ ಮುನ್ನವೇ, 1890ರ ಡಿಸೆಂಬರಿನಲ್ಲಿ, ನವಾಬರು ಗೋಲ್ ಬಂಗ್ಲೆ ಮತ್ತು ಜನಾನಾ ಮಹಲಿಗೆ ಬಂದು ಇಳಿದರು. ಮರ್ದಾನಾದ ಒಳಗೆಲಸವನ್ನು ಎದುರು ನಿಂತು ಮಾಡಿಸುವ ಆತುರ. ಮನೆ ಕಟ್ಟಿಸಿದ ಯಾರಿಗಾದರೂ ಈ ಆತುರ ಅರ್ಥವಾದೀತು. ಎಲ್ಲ ಮುಗಿಯುವ ಹೊತ್ತಿಗೆ ಸುಮಾರು ಒಂಬತ್ತು ವರ್ಷ ಹಿಡಿಯಿತು.

ಆ ಅಮೃತಶಿಲೆ, ಆಸ್ಲರ್ ಕಂಪನಿಯ ದೀಪಗುಚ್ಛ, ಇಂಗ್ಲೆಂಡಿನ ಪೀಠೋಪಕರಣ ಎಲ್ಲ ಇಲ್ಲಿಗೆ ಬಂದ ದಾರಿಯಲ್ಲೂ ನಮ್ಮ ಊರೊಂದಿದೆ. ಮುಂಬಯಿ-ರಾಯಚೂರು ರೈಲುಮಾರ್ಗಕ್ಕೆ ಹೈದರಾಬಾದನ್ನು ಜೋಡಿಸುವ ನಿಜಾಮರ ರೈಲು 1874ರಲ್ಲಿ ಶುರುವಾದದ್ದು ವಾಡಿಯಿಂದ. ಫಲಕ್‌ನುಮಾ ಕಟ್ಟುತ್ತಿದ್ದ ಕಾಲದಲ್ಲಿ ಮುಂಬಯಿ ಬಂದರಿನಿಂದ ರಾಜಧಾನಿಗೆ ರೈಲಿನಲ್ಲಿ ಬರುವ ಸಾಮಾನಾಗಲಿ ಸಾಹೇಬರಾಗಲಿ ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸಿಯೇ ಬರಬೇಕು. ಇನ್ನು ಗುಡ್ಡದ ಮೇಲಕ್ಕೆ ನೀರು? ಕೆಳಗಿನ ಬಾವಿಗೆ ಎಂಜಿನ್ ಕೂಡಿಸಿ ಅರಮನೆಗೆ ನೀರೆತ್ತುತ್ತಿದ್ದರಂತೆ. ಬಾವಿಯ ಸುತ್ತಲಿನ ಬಡಾವಣೆಯನ್ನು ಇವತ್ತಿಗೂ ‘ಇಂಜಿನ್ ಬೌಲಿ’ ಎಂದೇ ಕರೆಯುತ್ತಾರೆ. ಅರಮನೆಯ ಬಗ್ಗೆ ಬಂದ ಚಂದದ ಪುಸ್ತಕಗಳಲ್ಲಿ ದೀಪಗುಚ್ಛಗಳ ವರ್ಣನೆ ಪುಟಗಟ್ಟಲೆ ಇರುತ್ತದೆ, ಈ ಬಾವಿಯ ಮಾತು ಒಂದು ಸಾಲೂ ಇರುವುದಿಲ್ಲ.

ಖರ್ಚಿನ ಬಗ್ಗೆ ಸಾಮಾನ್ಯವಾಗಿ ಹೇಳುವ ಅಂಕಿ 40 ಲಕ್ಷ ರೂಪಾಯಿ. ಪ್ರಧಾನಿಯಾದರೂ, ಪಾಯಗಾ ಅಮೀರನಾದರೂ ಅದು ಒಬ್ಬ ಮನುಷ್ಯನ ಕೈಗೆ ದಕ್ಕುವ ಖರ್ಚಲ್ಲ. ನವಾಬರು ಸಾಲ ಮಾಡಿದರು. ಬ್ಯಾಂಕ್ ಆಫ್ ಬೆಂಗಾಲ್ ಕೂಡ ಸಾಲಿಗರ ಪಟ್ಟಿಯಲ್ಲಿತ್ತು ಎನ್ನುತ್ತಾರೆ. ಇಲ್ಲಿಂದ ಮುಂದಿನ ಕಥೆಯನ್ನು ಹೈದರಾಬಾದಿನಲ್ಲಿ ಹತ್ತು ಜನ ಹತ್ತು ರೀತಿ ಹೇಳುತ್ತಾರೆ, ತಿರುಳು ಮಾತ್ರ ಒಂದೇ. ಸಾಲದ ಸುಳಿಯಿಂದ ಪಾರಾಗುವ ಉಪಾಯ ಹೊಳೆದದ್ದು ಬೇಗಂ ಸಾಹೇಬರಿಗೆ, ಅಂದರೆ ನಿಜಾಮರ ಸೋದರಿಗೆ. ಮಹಬೂಬ್ ಅಲಿ ಖಾನರನ್ನು ಊಟಕ್ಕೆ ಕರೆದರು. ಬಂದವರು ಉಳಿದರು. ದಿನಗಳು ವಾರಗಳಾದವು. ಮನೆ ಹಿಡಿಸಿತು ಎಂದು ನಿಜಾಮರು ಬಾಯಿಬಿಟ್ಟ ಗಳಿಗೆಯಲ್ಲಿ ನವಾಬರು ‘ಇದು ಹುಜೂರರದೇ’ ಎಂದು ನಜರು ಒಪ್ಪಿಸಿದರು. ದೊರೆಗೆ ಕೊಟ್ಟ ನಜರಿಗೆ ದೊರೆ ಪ್ರತಿಫಲ ಕೊಡುವುದು ದರಬಾರಿನ ರಿವಾಜು, ಹಾಗಾಗಿ ದೊಡ್ಡ ಮೊತ್ತ ನವಾಬರ ಕೈಸೇರಿತು. ಕಥೆಯ ಬಣ್ಣ ತೊಳೆದರೆ ಉಳಿಯುವ ಸಂಗತಿ ಇಷ್ಟು: 1897ರ ಸುಮಾರಿಗೆ ಫಲಕ್‌ನುಮಾ ನಿಜಾಮರ ಆಸ್ತಿಯಾಯಿತು. ವಿಕಾರ್-ಉಲ್-ಉಮ್ರಾ ಬೇಗಂಪೇಟೆಯಲ್ಲಿ ಇನ್ನೊಂದು ಮನೆ ಕಟ್ಟಿಸಿಕೊಂಡರು, ಆದರೆ ಹೆಚ್ಚು ದಿನ ಬದುಕಲಿಲ್ಲ. 1902ರಲ್ಲಿ ತೀರಿಕೊಂಡರು. ಆ ಬೇಗಂಪೇಟೆಯ ಪಾಯಗಾ ಪ್ಯಾಲೇಸಿನಲ್ಲಿ ಈಚಿನ ವರ್ಷಗಳಲ್ಲಿ, 2023ರವರೆಗೆ, ಅಮೆರಿಕದ ದೂತಾವಾಸ ನಡೆಯಿತು. ವೀಸಾಕ್ಕೆ ಸರದಿ ನಿಂತ ನಮ್ಮ ಎಷ್ಟೋ ಹುಡುಗರಿಗೆ ತಾವು ಫಲಕ್‌ನುಮಾದ ಧಣಿಯ ಅಂಗಳದಲ್ಲಿ ನಿಂತಿದ್ದೇವೆಂದು ಗೊತ್ತಿರಲಿಲ್ಲ.

ನನಗೆ ಈ ಕಥೆಯಲ್ಲಿ ರುಚಿಸುವುದು ಅದರ ವ್ಯಾಪಾರ. ಫಲಕ್‌ನುಮಾದ ಮೊದಲ ದೊಡ್ಡ ಅತಿಥಿ ಉಂಡು, ಉಳಿದು, ಕೊನೆಗೆ ಮನೆಯ ಬೆಲೆಯನ್ನೇ ಕೊಟ್ಟು ಹೋದ. ಇವತ್ತಿನ ಯಾವ ಹೋಟೆಲಿನ ಮ್ಯಾನೇಜರೂ ಅಂಥ ಗಿರಾಕಿಯನ್ನು ಕಂಡಿಲ್ಲ.

ನಿಜಾಮರಿಗೆ ಈ ಮನೆಯ ಅಗತ್ಯವೇ ಇರಲಿಲ್ಲ. ದರಬಾರಿಗೆ ಚೌಮಹಲ್ಲಾ ಇತ್ತು, ವಾಸಕ್ಕೆ ಪುರಾನಿ ಹವೇಲಿ ಇತ್ತು. ಅವರಿಗೆ ಕೊರತೆಯಿದ್ದದ್ದು ಬ್ರಿಟಿಷ್ ಅತಿಥಿಗಳನ್ನು ಇಳಿಸಲು ತಕ್ಕ ಜಾಗ. ವೈಸ್‌ರಾಯ್, ರಾಜಕುಮಾರ ಬಂದರೆ ಕೋಠಿಯ ಬ್ರಿಟಿಷ್ ರೆಸಿಡೆನ್ಸಿಯ ಪರಂಗಿ ಕಂಬಗಳ ಎದುರು ನಿಜಾಮರ ಆತಿಥ್ಯ ಸಪ್ಪೆಯಾಗಬಾರದು. ಫಲಕ್‌ನುಮಾ ಆ ಕೊರತೆ ತುಂಬಿತು. ಅತಿಥಿಗೆ ಪರಿಚಿತವೆನಿಸುವ ಯುರೋಪಿನ ಮನೆ, ಅದಕ್ಕೆ ಹೈದರಾಬಾದಿನ ಅಡುಗೆ, ಕೆಳಗೆ ಹರಡಿಕೊಂಡ ಹೈದರಾಬಾದಿನ ಊರು. ಒಳಗೆ ವಿಂಡ್ಸರ್ ಕೋಟೆಯ ಗ್ರಂಥಾಲಯದ ಮಾದರಿಯಲ್ಲಿ ವಾಲ್‌ನಟ್ ಮರದ ಕೆತ್ತನೆಯ ಛಾವಣಿ ಹೊದಿಸಿದ ಪುಸ್ತಕದ ಕೋಣೆ, ಬಿಲಿಯರ್ಡ್ಸ್ ಕೋಣೆ, ಮೇಲೇರುವ ಅಮೃತಶಿಲೆಯ ಮೆಟ್ಟಿಲುಗಳ ಎರಡೂ ಬದಿಯ ಗೋಡೆಯಲ್ಲಿ ಬ್ರಿಟಿಷ್ ಅಧಿಕಾರಿಗಳ ತೈಲಚಿತ್ರಗಳು. ರಾಜಾ ದೀನದಯಾಳರ ಛಾಯಾಚಿತ್ರಗಳಲ್ಲಿ ಆ ಕೋಣೆಗಳು ಇವತ್ತಿಗೂ ನೋಡಲು ಸಿಗುತ್ತವೆ. ಅವುಗಳಲ್ಲಿ ಒಂದು ವಿಶೇಷವಿದೆ. ಸಾಮಾನು ತುಂಬಿ ತುಳುಕುತ್ತದೆ, ಬದುಕಿದ ಗುರುತು ಎಲ್ಲೂ ಇಲ್ಲ. ಯಾರದೋ ಬರವಿಗೆ ಸಿದ್ಧವಾಗಿ ನಿಂತ ಮನೆ ಅದು.

ಈ ಸಿದ್ಧತೆಯ ನಡುಮಧ್ಯೆ ಇರುವುದು ಊಟದ ಮೇಜು. 101 ಜನ ಒಟ್ಟಿಗೆ ಕೂತು ಉಣ್ಣಬಹುದಾದ, ಹಲವು ತುಂಡುಗಳನ್ನು ಜೋಡಿಸಿ ಮಾಡಿದ, ನೂರು ಅಡಿಗೂ ಉದ್ದದ ಮೇಜು. ಆತಿಥೇಯ ಕೂರುವುದು ತುದಿಯಲ್ಲಲ್ಲ, ಉದ್ದದ ನಡುವೆ. ಈ ಕೋಣೆಯ ಬಗ್ಗೆ ಹೇಳುವ ಒಂದು ಮಾತು ಪ್ರಸಿದ್ಧ: ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ತುದಿಗೆ ಕೇಳುತ್ತದಂತೆ. ಅತಿಥಿಗಳಿಗೆ ಇದನ್ನು ಶಿಲ್ಪಿಯ ಚಮತ್ಕಾರವೆಂದು ತೋರಿಸುತ್ತಾರೆ. ರೆಸಿಡೆಂಟರೂ ಸಂಸ್ಥಾನದ ಅಮೀರರೂ ಒಂದೇ ಮೇಜಿಗೆ ಕೂರುತ್ತಿದ್ದ ಕಾಲದಲ್ಲಿ ಅದು ಚಮತ್ಕಾರಕ್ಕಿಂತ ಹೆಚ್ಚಿನ ಉಪಯೋಗದ್ದು ಎಂಬ ಗುಮಾನಿ ನನಗಿದೆ.

ಆದರೆ ಗುಡ್ಡದ ಮೇಲೆ ರಾಜ್ಯದ ತೀರ್ಮಾನಗಳಾಗುತ್ತಿದ್ದವು ಎಂದು ತಿಳಿದರೆ ತಪ್ಪಾದೀತು. 1902ರ ಮಾರ್ಚ್ ಕೊನೆಯಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಬಂದು ಬೇರಾರ್ ಪ್ರಾಂತವನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಾಯಂ ಗುತ್ತಿಗೆಗೆ ಕೊಡುವಂತೆ ಮಹಬೂಬ್ ಅಲಿ ಖಾನರನ್ನು ಒಪ್ಪಿಸಿದ್ದು ರೆಸಿಡೆನ್ಸಿಯಲ್ಲಿ. ಉಣ್ಣಿಸುವ ಜಾಗವೇ ಬೇರೆ, ಕಿತ್ತುಕೊಳ್ಳುವ ಜಾಗವೇ ಬೇರೆ. 1906ರ ಫೆಬ್ರವರಿಯಲ್ಲಿ ವೇಲ್ಸಿನ ಯುವರಾಜ, ಅಂದರೆ ಮುಂದಿನ ಐದನೆಯ ಜಾರ್ಜ್, ಪತ್ನಿ ಮೇರಿಯೊಡನೆ ಹೈದರಾಬಾದಿಗೆ ಬಂದಾಗ ಇಳಿದದ್ದು ಫಲಕ್‌ನುಮಾದಲ್ಲಿ. ಮಹಬೂಬ್ ಅಲಿ ಖಾನರಿಗೂ ಕೊನೆಗಾಲಕ್ಕೆ ಈ ಗುಡ್ಡದ ಮೋಹ ಹತ್ತಿತ್ತು. 1911ರ ಆಗಸ್ಟ್ 29ರಂದು ಅವರು ಕಣ್ಣು ಮುಚ್ಚಿದ್ದು ಇಲ್ಲಿಯೇ. ಆಗ ಅವರ ವಯಸ್ಸು 45.

ಮಗ ಉಸ್ಮಾನ್ ಅಲಿ ಖಾನರು ಇಲ್ಲಿ ವಾಸ ಮಾಡಲಿಲ್ಲ. ಅವರ ಬದುಕೆಲ್ಲ ಕಿಂಗ್ ಕೋಠಿಯ ಪರದೆಯ ಹಿಂದೆ. ತಂದೆ ಖರ್ಚಿನ ಗಂಡು, ಮಗ ಹಿಡಿತದ ಗಂಡು ಎಂಬುದು ಹೈದರಾಬಾದಿನಲ್ಲಿ ಗಾದೆಯ ಮಟ್ಟಕ್ಕೆ ಏರಿದ ಮಾತು. ಅವರ ಕಾಲದಲ್ಲಿ ಫಲಕ್‌ನುಮಾ ದೊಡ್ಡ ಅತಿಥಿ ಬಂದಾಗ ಬೀಗ ತೆಗೆಯುವ, ಹೋದಾಗ ಹಾಕುವ ಮನೆಯಾಯಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನವೇ ಉಳಿಯಲಿಲ್ಲ, ಮನೆ ಮಾತ್ರ ನಿಜಾಮರ ಖಾಸಗಿ ಆಸ್ತಿಯಾಗಿ ಉಳಿಯಿತು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಇಲ್ಲಿ ಇಳಿದುಕೊಂಡರು. ಆ ಸಾಲಿನಲ್ಲಿ ಅವರೇ ಕೊನೆಯ ದೊಡ್ಡ ಅತಿಥಿ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮವರಿಗೆ ಹೈದರಾಬಾದ್ ರಾಜಧಾನಿಯಾಗಿದ್ದದ್ದು ಅಂದಿಗೆ ಮುಗಿಯಿತು. ಕಾಚಿಗೂಡಿನ ಸುತ್ತ ಕನ್ನಡದ ಸಂಸ್ಥೆಗಳು ಉಳಿದವು, ಹೈಕೋರ್ಟಿಗೂ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಬರುತ್ತಿದ್ದ ದಾರಿ ಬೆಂಗಳೂರು, ಧಾರವಾಡಗಳ ಕಡೆ ತಿರುಗಿತು. ಗುಡ್ಡದ ಮೇಲಿನ ಮನೆಗೆ ಆಗಲೇ ಬೀಗ ಬಿದ್ದಿತ್ತು.

ಈ ನಡುಗಾಲದಲ್ಲಿ ಹೈದರಾಬಾದಿನಲ್ಲಿ ಗುಡ್ಡದ ಮೇಲೆ ಕೂತು ಊರು ನೋಡುತ್ತ ಉಣ್ಣುವ ಆಸೆಯನ್ನು ಪೂರೈಸಿದ್ದು ಬೇರೊಂದು ಮನೆ. ಅದನ್ನು ಬಿಟ್ಟರೆ ಈ ಚರಿತ್ರೆ ಅರ್ಧವಾಗುತ್ತದೆ. ವಿಧಾನಸಭೆಯ ಎದುರಿನ ನೌಬತ್ ಪಹಾಡಿನ ಇಳಿಜಾರಿನಲ್ಲಿ ಸರ್ ನಿಜಾಮತ್ ಜಂಗ್ 1915ರಲ್ಲಿ ಹಿಲ್ ಫೋರ್ಟ್ ಎಂಬ ಮನೆ ಕಟ್ಟಿಸಿದರು. ಅವರು ನ್ಯಾಯಾಧೀಶರು, ಇಂಗ್ಲಿಷಿನಲ್ಲಿ ಕವಿತೆ ಬರೆದವರು. ಓದಿದ್ದು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನಲ್ಲಿ, ಮನೆಯ ಬುರುಜುಗಳಿಗೂ ಅದೇ ಮಾದರಿ. 1929ರಲ್ಲಿ ಅದನ್ನು ಉಸ್ಮಾನ್ ಅಲಿ ಖಾನರು ಎರಡನೆಯ ಮಗ ಮೊಅಜ್ಜಂ ಜಾಹ್‌ಗಾಗಿ ಕೊಂಡರು. ಮೊಅಜ್ಜಂ ಜಾಹ್ ನಗರಾಭಿವೃದ್ಧಿ ಮಂಡಳಿಯ ಅಧ್ಯಕ್ಷರಾಗಿದ್ದವರು. 1908ರ ಮೂಸಿ ಪ್ರವಾಹದ ನಂತರ ಊರನ್ನು ಹೊಸದಾಗಿ ಕಟ್ಟಲು 1912ರಲ್ಲಿ ಹುಟ್ಟಿದ ಮಂಡಳಿ ಅದು. ಆ ಪ್ರವಾಹದ ಮರುವರ್ಷ ನಿಜಾಮ ಸರಕಾರ ಸಲಹೆಗೆ ಕರೆಸಿಕೊಂಡ ಎಂಜಿನಿಯರು ನಮ್ಮ ಎಂ. ವಿಶ್ವೇಶ್ವರಯ್ಯ. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎರಡೂ ಕೆರೆಗಳ ಮೂಲ ಯೋಜನೆ ಅವರದು. ಹಾಗಾಗಿ ಹಿಲ್ ಫೋರ್ಟಿನ ಮಹಡಿಯಿಂದ ಕಾಣುತ್ತಿದ್ದ ಅಗಲ ರಸ್ತೆಗಳ ಊರಿನ ಹಿಂದೆ ಮುದ್ದೇನಹಳ್ಳಿಯವರ ಯೋಚನೆಯೂ ಇತ್ತು.

ಸಂಸ್ಥಾನ ಹೋದ ಮೇಲೆ ಹಿಲ್ ಫೋರ್ಟ್ ಸರಕಾರದ ಕೈಸೇರಿತು. 1955ರಲ್ಲಿ ಗುತ್ತಿಗೆಗೆ ಹೋಗಿ ರಿಟ್ಜ್ ಹೋಟೆಲಾಯಿತು. ನಾಲ್ಕು ದಶಕ ಅದು ಹೈದರಾಬಾದಿನ ಮೇಲ್ದರ್ಜೆಯ ಹೋಟೆಲು. ಮಂತ್ರಿಗಳು, ಸಿನಿಮಾದವರು, ಮದುವೆಯ ಬೀಗರು ಬಂದು ಹುಲ್ಲುಹಾಸಿನ ಮೇಲೆ ಕೂತರು. ಪಕ್ಕದ ಎತ್ತರದ ಮೇಲೆ 1976ರಲ್ಲಿ ಬಿರ್ಲಾ ಮಂದಿರ ಎದ್ದು, ದೃಶ್ಯ ನೋಡುವವರ ದೊಡ್ಡ ಗುಂಪು ಅತ್ತ ತಿರುಗಿತು. ಅಲ್ಲಿ ಹುಸೇನ್ ಸಾಗರದ ನೋಟಕ್ಕೆ ಕಾಸು ಕೊಡಬೇಕಿಲ್ಲ, ಚಪ್ಪಲಿ ಬಿಟ್ಟರೆ ಸಾಕು. 1990ರ ದಶಕದ ಕೊನೆಗೆ ರಿಟ್ಜ್ ಮುಚ್ಚಿತು. ಆಮೇಲೆ ಆ ಕಟ್ಟಡದ ಸ್ಥಿತಿ ಬಗ್ಗೆ ಪತ್ರಿಕೆಗಳಲ್ಲಿ ಬಂದ ಚಿತ್ರಗಳು ಗಿಡ ಬೆಳೆದ ಗೋಡೆ, ಕುಸಿದ ಛಾವಣಿಗಳದ್ದು. ಪಾರಂಪರಿಕ ಕಟ್ಟಡಗಳ ಪರ ಕೆಲಸ ಮಾಡುವವರು ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಸರಕಾರದ ಸ್ವತ್ತಾಗಿ, ನಗರದ ನಟ್ಟನಡುವೆ ಇದ್ದೂ ಹಿಲ್ ಫೋರ್ಟಿಗೆ ಈ ಗತಿ ಬಂತು. ಖಾಸಗಿ ಸ್ವತ್ತಾಗಿ, ಹಳೆಯ ಊರಿನ ಅಂಚಿನಲ್ಲಿದ್ದ ಫಲಕ್‌ನುಮಾ ಬದುಕಿತು. ಇದರಿಂದ ಖಾಸಗಿಯೇ ಮೇಲು ಎಂಬ ತೀರ್ಪಿಗೆ ಹಾರುವುದು ಬೇಡ. ಫಲಕ್‌ನುಮಾಕ್ಕೆ ಒಬ್ಬ ಹಟಮಾರಿ ಯಜಮಾನಿ ಸಿಕ್ಕಿದಳು, ಹಿಲ್ ಫೋರ್ಟಿಗೆ ಸಿಗಲಿಲ್ಲ. ವ್ಯತ್ಯಾಸದ ಬಹುಭಾಗ ಅಷ್ಟೇ.

ಆ ಯಜಮಾನಿ ರಾಜಕುಮಾರಿ ಎಸ್ರಾ. ತುರ್ಕಿ ಮೂಲದವರು. 1967ರಲ್ಲಿ ಉಸ್ಮಾನ್ ಅಲಿ ಖಾನರ ನಂತರ ಪಟ್ಟದ ಹಕ್ಕು ಪಡೆದ ಮೊಮ್ಮಗ ಮುಕರ್ರಂ ಜಾಹ್ ಅವರ ಮೊದಲ ಪತ್ನಿ. ಮುಕರ್ರಂ ಜಾಹ್‌ಗೆ ಅಜ್ಜನ ಆಸ್ತಿಯ ಜೊತೆಗೆ ಅದರ ವ್ಯಾಜ್ಯಗಳೂ ತೆರಿಗೆಗಳೂ ಸಾಲುಸಾಲಾಗಿ ಬಂದವು. ಅವರು ಆಸ್ಟ್ರೇಲಿಯಾದ ಕುರಿ ಸಾಕಣೆಗೆ ಹೋದರು, ಕೊನೆಗೆ ತುರ್ಕಿಯಲ್ಲಿ ನೆಲೆಸಿದರು. ಮದುವೆ ಮುರಿದು ಎಷ್ಟೋ ವರ್ಷಗಳ ಮೇಲೆ, 1990ರ ದಶಕದಲ್ಲಿ, ಅವರ ಪರವಾಗಿ ಹೈದರಾಬಾದಿಗೆ ಮರಳಿ ಬಂದ ಎಸ್ರಾ ಎರಡು ಕೆಲಸ ಕೈಗೆತ್ತಿಕೊಂಡರು. ಚೌಮಹಲ್ಲಾವನ್ನು ದುರಸ್ತಿ ಮಾಡಿಸಿ ಜನ ಟಿಕೆಟ್ ಕೊಂಡು ನೋಡುವ ಸಂಗ್ರಹಾಲಯ ಮಾಡಿದರು. ಅದಕ್ಕೆ 2010ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣೆ ಪ್ರಶಸ್ತಿ ಬಂತು. ಫಲಕ್‌ನುಮಾವನ್ನು ತಾಜ್ ಹೋಟೆಲ್ ಕಂಪನಿಗೆ ಗುತ್ತಿಗೆಗೆ ಕೊಟ್ಟು, ದುರಸ್ತಿಯ ಮೇಲ್ವಿಚಾರಣೆ ತಾವೇ ವಹಿಸಿದರು. ಕೆಲಸ ಸುಮಾರು ಹತ್ತು ವರ್ಷ ಎಳೆಯಿತು. ಕಟ್ಟಲು ಹಿಡಿದ ಕಾಲಕ್ಕಿಂತ ಕೊಂಚ ಹೆಚ್ಚೇ. ದಶಕಗಟ್ಟಲೆ ಮುಚ್ಚಿದ್ದ ಮನೆಯಲ್ಲಿ ಚರ್ಮದ ಹೊದಿಕೆ, ರೇಷ್ಮೆ ಪರದೆ, ಗೋಡೆಯ ಬಣ್ಣದ ಚಿತ್ರ ಒಂದೊಂದನ್ನೂ ಹಳೆಯ ನಮೂನೆಗೆ ತರಬೇಕಿತ್ತು. ಹೊಸದಾಗಿ ಮಾಡುವುದಕ್ಕಿಂತ ಹಳೆಯದನ್ನು ಹಳೆಯದರಂತೆ ಮಾಡುವುದು ನಿಧಾನದ ಕೆಲಸ. 2010ರ ನವೆಂಬರಿನಲ್ಲಿ 60 ಕೋಣೆಗಳ ಹೋಟೆಲು ಬಾಗಿಲು ತೆರೆಯಿತು.

ತೆರೆದ ದಿನದಿಂದ ನಡೆಯುತ್ತಿರುವ ಸ್ವಾಗತದ ವಿಧಿಯನ್ನು ನೋಡಿದವರು ಬಲ್ಲರು. ಕೆಳಗಿನ ಗೇಟಿನಲ್ಲಿ ಕಾರು ಬಿಟ್ಟು ಕುದುರೆ ಸಾರೋಟು ಏರಬೇಕು, ಅರಮನೆಯ ಮೆಟ್ಟಿಲು ಹತ್ತುವಾಗ ಮೇಲಿನಿಂದ ಗುಲಾಬಿ ಎಸಳು ಉದುರುತ್ತದೆ. ನನಗಿದು ಸ್ವಲ್ಪ ಅತಿಯೆನಿಸುತ್ತದೆ. ಆದರೆ ಹೋಟೆಲಿನವರು ಇದನ್ನು ಕೆಲಸವಿಲ್ಲದೆ ಹುಟ್ಟಿಸಿದ್ದಲ್ಲ. ಈ ಮನೆಯಲ್ಲಿ ನೂರು ವರ್ಷ ಗಿರಾಕಿ ಎಂಬ ಜಾತಿಯೇ ಇರಲಿಲ್ಲ, ಮೆಹಮಾನ್ ಮಾತ್ರ. ಹಣ ಕೊಟ್ಟು ಬಂದವನನ್ನು ಕೆಲವು ಗಂಟೆ ಮೆಹಮಾನ್ ಎಂದು ನಂಬಿಸಲು ಸಾರೋಟೂ ಬೇಕು, ಎಸಳೂ ಬೇಕು. ಊಟದ ಕೋಣೆಗಳಲ್ಲಿ ‘ಅದಾ’ ಹೈದರಾಬಾದಿ ಅಡುಗೆಯದು, ‘ಸೆಲೆಸ್ಟ್’ ಯುರೋಪಿನದು. ಜೇಡ್ ರೂಮಿನಲ್ಲಿ ಸಂಜೆಯ ಚಹಾ. ಹುಕ್ಕಾ ಕೋಣೆಯಲ್ಲಿ ಮದ್ಯ ಮತ್ತು ಹರಟೆ. ನೋಟಕ್ಕೆಂದರೆ ಮಾತ್ರ ಗೋಲ್ ಬಂಗ್ಲೆಯೇ. ನವಾಬರು ಮೊದಲು ಬಂದು ಇಳಿದ ಅದೇ ದುಂಡನೆಯ ಕಟ್ಟೆಯಲ್ಲಿ ಈಗ ರಾತ್ರಿ ಊಟದ ಮೇಜು ಹಾಕುತ್ತಾರೆ, ಕೆಳಗೆ ದೀಪ ಹತ್ತಿಸಿಕೊಂಡ ಹಳೆಯ ಊರು.

‘ಅದಾ’ದ ಅಡುಗೆಯ ಬಗ್ಗೆ ಕಲಬುರಗಿ ಕಡೆಯವರು ಬೆರಗಾಗಬೇಕಿಲ್ಲ. ಬಗಾರಾ ಬೈಂಗನ್‌ನ ಮಸಾಲೆಯಲ್ಲಿರುವುದು ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆ. ನಮ್ಮ ಬದನೆಯ ಎಣ್ಣೆಗಾಯಿಯಲ್ಲಿ ಇರುವುದೂ ಬಹುಪಾಲು ಇವೇ. ಅಲ್ಲಿ ಬಿರಿಯಾನಿಯ ಪಕ್ಕ ಬರುತ್ತದೆ, ಇಲ್ಲಿ ಜೋಳದ ರೊಟ್ಟಿಯ ಪಕ್ಕ. ಖಟ್ಟೀ ದಾಲಿಗೆ ತೊಗರಿಬೇಳೆಯೇ ಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ನಮ್ಮವರಿಗೆ ಗೊತ್ತೇ ಇದೆ. ಕಾದ ಕಲ್ಲಿನ ಚಪ್ಪಡಿಯ ಮೇಲೆ ಬೇಯಿಸುವ ಪತ್ಥರ್ ಕಾ ಗೋಷ್ತ್, ಏಪ್ರಿಕಾಟ್ ಹಣ್ಣಿನ ಖುಬಾನಿ ಕಾ ಮೀಠಾ ಮುಂತಾದವು ರಾಜಧಾನಿಯವು. ತಹರಿ ಮಾತ್ರ ಬೀದರ್, ಕಲಬುರಗಿಯ ಹೋಟೆಲುಗಳಲ್ಲಿ ಅರಮನೆಯ ಹಂಗಿಲ್ಲದೆ ಬೆಳೆದಿದೆ. ಸಸ್ಯಾಹಾರಿ ಕನ್ನಡಿಗರಿಗೆ ಹೈದರಾಬಾದಿನಲ್ಲಿ ‘ತಾಜ್’ ಎಂದರೆ ಬಹುಕಾಲ ಆಬಿಡ್ಸಿನ ತಾಜ್ ಮಹಲ್ ಹೋಟೆಲಿನ ಇಡ್ಲಿ, ದೋಸೆ, ಕಾಫಿ. ಆ ತಾಜಿಗೂ ಗುಡ್ಡದ ತಾಜಿಗೂ ಸಂಬಂಧವಿಲ್ಲ, ಬಿಲ್ಲಿನಲ್ಲಂತೂ ಏನೂ ಇಲ್ಲ.

ಕುಡಿತದ ಚರಿತ್ರೆಯನ್ನು ಅರಮನೆಯ ಪುಸ್ತಕಗಳು ಸ್ಫಟಿಕದ ಲೋಟಗಳ ಎಣಿಕೆಯಲ್ಲಿ ಮುಗಿಸುತ್ತವೆ. ನಿಜಾಮರ ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಅದು ಬರುತ್ತಿದ್ದದ್ದು ಸಾಹೇಬರ ವೈನಿನಿಂದಲ್ಲ, ಈಚಲು ಮತ್ತು ತಾಳೆಯ ಸೇಂದಿಯಿಂದ, ಹೂವಿನ ಸಾರಾಯಿಯಿಂದ. ಸೇಂದಿ ಕಾಂಪೌಂಡಿನಲ್ಲಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕುಡಿದವನ ಕಾಸು ಗುತ್ತೇದಾರನ ಮೂಲಕ ಖಜಾನೆ ಸೇರುತ್ತಿತ್ತು, ಖಜಾನೆಯ ಹಣದಿಂದ ಗುಡ್ಡದ ಮೇಲೆ ಯುವರಾಜನಿಗೆ ಔತಣ ನಡೆಯುತ್ತಿತ್ತು. ಹೀಗೆ ನೋಡಿದರೆ ಕೆಳಗಿನ ಪಾನಗೃಹವೇ ಮೇಲಿನ ಪಾನಗೃಹಕ್ಕೆ ಆಧಾರ.

ಎತ್ತರದಲ್ಲಿ ಯಾರಿರಬೇಕು ಎಂಬುದೂ ಊರಿಂದೂರಿಗೆ ಬದಲಾಗುತ್ತದೆ. ಬ್ರೆಜಿಲಿನ ರಿಯೋ ಡಿ ಜನೈರೊದಲ್ಲಿ ಸಮುದ್ರದಂಡೆಯ ಸಮತಟ್ಟು ಉಳ್ಳವರ ಪಾಲಾಯಿತು, ಕಡಿದಾದ ಗುಡ್ಡಗಳನ್ನು ಇಲ್ಲದವರು ಹತ್ತಿ ಮನೆ ಕಟ್ಟಿಕೊಂಡರು. ಅಲ್ಲಿನ ವಿದಿಗಾಲ್ ಎಂಬ ಗುಡ್ಡದ ಬಡವರ ಕೇರಿಯ ತುದಿಯಲ್ಲಿ ಈಗ ಬಾರುಗಳಿವೆ. ಇಪನೇಮಾ ಕಡಲತೀರದ ನೋಟ ನೋಡಲು ಪ್ರವಾಸಿಗಳು ಕೇರಿಯ ನಡುವಿನ ರಸ್ತೆಯಲ್ಲಿ ಮೇಲೆ ಹೋಗುತ್ತಾರೆ. ಹೈದರಾಬಾದಿನಲ್ಲಿ ತಿರುಗುಮುರುಗು. ಗುಡ್ಡ ಸಿಕ್ಕಿದ ಅಮೀರ ಅದನ್ನು ಬೇಲಿ ಹಾಕಿಕೊಂಡ. ಕೋಹ್-ಎ-ತೂರ್ ಆಯಿತು, ನೌಬತ್ ಪಹಾಡ್ ಆಯಿತು, 1930ರ ದಶಕದಲ್ಲಿ ಮೆಹದಿ ನವಾಜ್ ಜಂಗ್ ಬಂಡೆಗಳ ನಡುವೆ ಮನೆ ಕಟ್ಟಿ ಆರಂಭಿಸಿದ ಬಂಜಾರಾ ಹಿಲ್ಸ್ ಆಯಿತು. ಇಂದಿನ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್‌ಗಳ ಮಹಡಿ ಮೇಲಿನ ಬಾರುಗಳೆಲ್ಲ ಆ ಪರಂಪರೆಯ ಮೊಮ್ಮಕ್ಕಳು. ವ್ಯತ್ಯಾಸ ಇಷ್ಟೇ, ಅಲ್ಲಿಂದ ಕಾಣುವುದು ಎದುರಿನ ಮಹಡಿಯ ಇನ್ನೊಂದು ಬಾರು.

ಹೋಟೆಲಾದ ಮೇಲಿನ ಫಲಕ್‌ನುಮಾದ ದಿನಚರಿಯಲ್ಲಿ ಮದುವೆಗಳೇ ಹೆಚ್ಚು. 2014ರ ನವೆಂಬರಿನಲ್ಲಿ ನಟ ಸಲ್ಮಾನ್ ಖಾನರ ತಂಗಿಯ ಮದುವೆ ಇಲ್ಲಿ ನಡೆದಾಗ ಕೆಳಗಿನ ರಸ್ತೆಯಲ್ಲಿ ಜನ ಕಿಕ್ಕಿರಿದಿದ್ದರು. ಆದರೆ ಹಳೆಯ ಕಸುಬಿಗೆ ಮನೆ ಒಂದು ಸಂಜೆ ಪೂರ್ತಿ ಮರಳಿದ್ದು 2017ರ ನವೆಂಬರ್ 28ರಂದು. ಹೈದರಾಬಾದಿನಲ್ಲಿ ನಡೆದ ಜಾಗತಿಕ ಉದ್ಯಮಶೀಲತಾ ಶೃಂಗಸಭೆಗೆ ಬಂದಿದ್ದ ಅಮೆರಿಕದ ಅಧ್ಯಕ್ಷರ ಮಗಳು ಇವಾಂಕಾ ಟ್ರಂಪ್ ಮತ್ತು ಇತರ ಗಣ್ಯರಿಗೆ ಪ್ರಧಾನಿ ನರೇಂದ್ರ ಮೋದಿ ಅವರು ಔತಣ ಕೊಟ್ಟದ್ದು ಇಲ್ಲಿ. 101 ಕುರ್ಚಿಗಳ ಆ ಮೇಜು ಮತ್ತೆ ಸರಕಾರದ ಮೇಜಾಯಿತು. ಪರದೇಶದ ದೊರೆಮನೆಯವರನ್ನು ಒಲಿಸಿಕೊಳ್ಳಲು ಗುಡ್ಡದ ಮೇಲೆ ಉಣ್ಣಿಸಬೇಕು ಎಂಬ ಮಹಬೂಬ್ ಅಲಿ ಖಾನರ ಲೆಕ್ಕ ಗಣರಾಜ್ಯಕ್ಕೂ ತಪ್ಪೆನಿಸಲಿಲ್ಲ. ಆ ರಾತ್ರಿ ಸುತ್ತಲಿನ ಕೇರಿಗಳಲ್ಲಿ ಬಿಗಿ ಕಾವಲಿತ್ತು.

ಮುಕರ್ರಂ ಜಾಹ್ 2023ರ ಜನವರಿ 14ರಂದು ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ದೇಹವನ್ನು ಹೈದರಾಬಾದಿಗೆ ತಂದು ಜನರ ದರ್ಶನಕ್ಕಿಟ್ಟದ್ದು ಚೌಮಹಲ್ಲಾದಲ್ಲಿ, ಮಣ್ಣು ಮಾಡಿದ್ದು ಮಕ್ಕಾ ಮಸೀದಿಯ ಆವರಣದಲ್ಲಿ. ಮನೆತನದ ಸಾವು ಬದುಕಿಗೆ ಚೌಮಹಲ್ಲಾ, ಪರರ ಸತ್ಕಾರಕ್ಕೆ ಫಲಕ್‌ನುಮಾ ಎಂಬ ಹಳೆಯ ಪಾಲುಪಟ್ಟಿ ಅಂದೂ ಕದಲಲಿಲ್ಲ. ಚೌಮಹಲ್ಲಾಕ್ಕೆ ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು. ಫಲಕ್‌ನುಮಾ ಹಾಗಲ್ಲ. ಕೋಣೆಯನ್ನೋ ಊಟದ ಮೇಜನ್ನೋ ಮುಂಗಡ ಕಾಯ್ದಿರಿಸಿರಬೇಕು, ಹೆಸರು ಕೆಳಗಿನ ಗೇಟಿನ ಪಟ್ಟಿಯಲ್ಲಿರಬೇಕು. ರಾಜ್ಯದ ಪ್ರವಾಸೋದ್ಯಮ ನಿಗಮ ವಾರಾಂತ್ಯಗಳಲ್ಲಿ ಚೌಮಹಲ್ಲಾ ತೋರಿಸಿ, ಗುಡ್ಡದ ಮೇಲೆ ಚಹಾ ಕುಡಿಸಿ ಕರೆತರುವ ಪ್ರವಾಸವನ್ನು ನಡೆಸಿದಾಗ ಊರಿನವರೇ ಎಷ್ಟೋ ಮಂದಿ ಮೊದಲ ಸಲ ಆ ಗೇಟು ದಾಟಿದರು.